ಸ್ಟಿಕ್ ಮುರಿದಾಗ ಕ್ಯಾಮೆರಾ ಎಲ್ಲಿತ್ತು: ಬಳ್ಳಾರಿಯ ಒಂದು ಮೆಟಲ್ ಶೋ ವಿಡಿಯೋ

ಬಳ್ಳಾರಿಯಲ್ಲಿ ಐದು ಹುಡುಗರ ಒಂದು ಮೆಟಲ್ ಬ್ಯಾಂಡ್ ಇದೆ. ಮೆಟಲ್ ಅಂದ್ರೆ ಜೋರು ಗಿಟಾರ್, ಜೋರು ಡ್ರಮ್ಸ್‌ನ ರಾಕ್ ಸಂಗೀತ. ಇಬ್ಬರು ಗಿಟಾರ್, ಒಬ್ಬ ಬೇಸ್, ಒಬ್ಬ ಡ್ರಮ್ಸ್, ಒಬ್ಬ ಹಾಡುತ್ತಾನೆ. ಮಾರ್ಚ್ ತಿಂಗಳ ಒಂದು ಸಂಜೆ ಊರಿನ ಫಂಕ್ಷನ್ ಹಾಲ್ ಒಂದರಲ್ಲಿ ನಲವತ್ತು ನಿಮಿಷ ಬಾರಿಸಿದರು. ವಿಡಿಯೋ ಮಾಡಲು ಮದುವೆ ಶೂಟಿಂಗ್ ಮಾಡುವ ತಂಡವನ್ನು ಕರೆದಿದ್ದರು, ಯಾಕಂದ್ರೆ ನಮ್ಮ ಕಡೆ ಬಾಡಿಗೆಗೆ ಸಿಗುವ ಒಳ್ಳೆ ಕ್ಯಾಮೆರಾ, ಒಳ್ಳೆ ಕೈ ಎರಡೂ ಇರುವುದು ಅವರ ಹತ್ತಿರವೇ. ಎಡಿಟ್ ಆಗಿ ಬಂದ ವಿಡಿಯೋ ನೋಡಿ ಹುಡುಗರು ಮಂಕಾದರು. ಡ್ರಮ್ಮರ್ ಹಾರ್ಡ್ ಡಿಸ್ಕ್ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಏನಣ್ಣಾ ಇದು, ಹಾಡು ನಮ್ದು, ವಿಡಿಯೋ ಬೇರೆ ಯಾರ್ದೋ ಇದ್ದಂಗೈತೆ" ಅಂದ.

ಅದೇ ಫುಟೇಜ್ ಇಟ್ಟುಕೊಂಡು ನಾನು ಮತ್ತೆ ಎಡಿಟ್ ಮಾಡಿದೆ. ಹೊಸದಾಗಿ ಏನೂ ಶೂಟ್ ಮಾಡಲಿಲ್ಲ. ಎರಡೂ ಎಡಿಟ್ ಒಂದೇ ಕ್ಯಾಮೆರಾಗಳಿಂದ, ಒಂದೇ ರಾತ್ರಿಯಿಂದ ಬಂದವು. ಆದ್ದರಿಂದ ಅವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ತಪ್ಪಿತು, ಎಲ್ಲಿ ಸರಿಹೋಯಿತು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ವಿಷಯ. ಬಳ್ಳಾರಿಯಲ್ಲಿ ಮೆಟಲ್‌ಗೆ ಅಂತ ಕ್ಲಬ್ ಇಲ್ಲ. ಕಾಲೇಜ್ ಫೆಸ್ಟ್ ಇದ್ದರೆ ಸರಿ, ಇಲ್ಲಾಂದ್ರೆ ಫಂಕ್ಷನ್ ಹಾಲೇ ಗತಿ. ಇಲ್ಲಿನ ಹಳೇ ತಲೆಮಾರಿನ ಮೆಟಲ್ ಕೇಳುಗರು ದೊಡ್ಡ ಶೋ ನೋಡಬೇಕಂದ್ರೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ. ಈ ಬ್ಯಾಂಡ್‌ನ ಬೇಸ್ ಹುಡುಗನ ಅಣ್ಣ ಆ ಎರಡನೇ ಶೋ ನೋಡಿ ಬಂದವನು, ತಮ್ಮನಿಗೆ ಹುಚ್ಚು ಹಿಡಿಸಿದವನೂ ಅವನೇ. ಈಗ ಹುಡುಗರು ಊರಲ್ಲೇ ಬಾರಿಸುತ್ತಾರೆ. ಕೇಳಲು ಬರುವವರು ಕಡಿಮೆ, ಹಾಗಾಗಿ ಬ್ಯಾಂಡ್ ಹೊರಗಿನವರಿಗೆ ತಲುಪುವುದು ವಿಡಿಯೋದಿಂದಲೇ. ಅದು ಕೆಟ್ಟರೆ ಶೋ ನಡೆದೇ ಇಲ್ಲ ಅನ್ನೋ ಹಾಗೆ.

ಆ ಹಾಲ್‌ಗೆ ಮೇಲೆ ತಗಡಿನ ಶೀಟು, ಕೆಳಗೆ ಗ್ರಾನೈಟ್ ನೆಲ. ಏನು ಬಾರಿಸಿದರೂ ಗುಂಯ್ ಅನ್ನುತ್ತದೆ. ಲೈಟು ಎಂದರೆ ಆರತಕ್ಷತೆಗೆ ಹಾಕುವ ಎಲ್‌ಇಡಿ ಪಾರ್ ಲೈಟುಗಳು, ಜೊತೆಗೆ ಎರಡು ಶಾರ್ಪಿ (ಚೂಪು ಕಿರಣ ಬಿಡುವ, ತಿರುಗುವ ಲೈಟ್) ಮತ್ತು ಒಂದು ಹೊಗೆ ಮಷಿನ್. ಕ್ಯಾಮೆರಾ ನಾಲ್ಕು. ಬಾಲ್ಕನಿಯಲ್ಲಿ ಟ್ರೈಪಾಡ್ ಮೇಲೆ ಒಂದು ಮಿರರ್‌ಲೆಸ್, ಸ್ಟೇಜ್ ಮುಂದೆ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಹಿಡಿಕೆ) ಹಿಡಿದು ಓಡಾಡುವ ಒಬ್ಬರು, ಡ್ರಮ್ಸ್ ಹಿಂದೆ ಸ್ಟ್ಯಾಂಡಿಗೆ ಕಟ್ಟಿದ ಒಂದು ಗೋಪ್ರೋ, ಪಕ್ಕದಿಂದ ಗೆಳೆಯನೊಬ್ಬ ಹಿಡಿದ ಫೋನ್. 1991ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ಎಸಿ/ಡಿಸಿ ಬ್ಯಾಂಡ್‌ನ ಶೋವನ್ನು ನಿರ್ದೇಶಕ ಡೇವಿಡ್ ಮ್ಯಾಲೆಟ್ ಶೂಟ್ ಮಾಡಿದಾಗ 26 ಕ್ಯಾಮೆರಾ ಇದ್ದವು, ಹೆಲಿಕಾಪ್ಟರ್ ಬೇರೆ. ನಮಗೆ ನಾಲ್ಕು ಸಾಕು. ಆದರೆ ನಾಲ್ಕೇ ಇರುವಾಗ ಒಂದು ತಪ್ಪು ಕಡೆ ತಿರುಗಿದ್ದರೂ ಕಾಲು ಭಾಗ ಹೋದಂತೆ.

ಈಗ ಮೊದಲ ಎಡಿಟ್. ಮೂರನೇ ಹಾಡನ್ನೇ ತೆಗೆದುಕೊಳ್ಳಿ, ನಾಲ್ಕು ನಿಮಿಷ ಚಿಲ್ಲರೆ. ವೇಗ ನಿಮಿಷಕ್ಕೆ 180 ಬೀಟ್. ಅದರಲ್ಲಿ ಕಟ್‌ಗಳು ಇನ್ನೂರು ದಾಟಿದ್ದವು. ಮೇಲೆ ಸ್ಲೋ ಮೋಷನ್, ಬಿಳಿ ಫ್ಲಾಶ್ ಟ್ರಾನ್ಸಿಷನ್, ನಡುನಡುವೆ ಫ್ರೇಮ್ ಅಲುಗಾಡಿಸುವ ಎಫೆಕ್ಟ್. ಎಡಿಟ್ ಮಾಡಿದವರ ಲೆಕ್ಕ ನನಗೆ ಅರ್ಥವಾಗುತ್ತದೆ. ಹಾಡು ಜೋರಾಗಿದೆ, ಸ್ಪೀಡಾಗಿದೆ, ಹಾಗಾಗಿ ವಿಡಿಯೋನೂ ಸ್ಪೀಡಾಗಿರಬೇಕು ಅಂತ.

ಆದರೆ ಗಣಿತ ನೋಡಿ. 180 ಬೀಟ್ ಅಂದ್ರೆ ಸೆಕೆಂಡಿಗೆ ಮೂರು ಬೀಟ್. ವಿಡಿಯೋ ಸೆಕೆಂಡಿಗೆ 25 ಫ್ರೇಮ್. ಒಂದು ಬೀಟ್‌ಗೆ ಸಿಗುವುದು ಎಂಟು ಫ್ರೇಮ್, ಸ್ವಲ್ಪ ಜಾಸ್ತಿ. ನಾಲ್ಕು ಬೀಟ್‌ನ ಒಂದು ಬಾರ್‌ಗೆ 33 ಫ್ರೇಮ್. ಎಂಟು ಫ್ರೇಮ್‌ನಲ್ಲಿ ಹೊಸ ಶಾಟ್ ಬಂದರೆ ಕಣ್ಣು ಇದು ಯಾರು, ಯಾವ ಕಡೆ, ಕೈ ಎಲ್ಲಿದೆ ಅಂತ ಹುಡುಕುವಷ್ಟರಲ್ಲೇ ಶಾಟ್ ಮುಗಿದಿರುತ್ತದೆ. ಆಮೇಲೆ ನೋಡುವವನು ಹುಡುಕುವುದನ್ನೇ ಬಿಡುತ್ತಾನೆ. ಪರದೆ ಮೇಲೆ ಏನೋ ಮಿಣುಕುತ್ತಿದೆ ಅಷ್ಟೇ. ವೇಗ ಇರುವುದು ಗಿಟಾರ್ ಹುಡುಗನ ಬಲಗೈಯಲ್ಲಿ, ಡ್ರಮ್ಮರ್‌ನ ಎರಡು ಕಾಲಲ್ಲಿ. ಅದು ಕಾಣಬೇಕಂದ್ರೆ ಕ್ಯಾಮೆರಾ ಒಂದು ಕಡೆ ನಿಲ್ಲಬೇಕು. ನಿಂತ ಫ್ರೇಮ್‌ನಲ್ಲಿ ಓಡುವ ಕೈ ಬೇಗ ಕಾಣುತ್ತದೆ. ಫ್ರೇಮೂ ಓಡಿ, ಕಟ್ಟೂ ಓಡಿದರೆ ಕೈ ಓಡಿದ್ದು ಗೊತ್ತೇ ಆಗಲ್ಲ.

ಸ್ಲೋ ಮೋಷನ್ ಇನ್ನೂ ಕೆಟ್ಟದ್ದು. ಗಾಯಕ ತಲೆ ಕುಣಿಸುವುದು ಬೀಟ್‌ಗೆ ಸರಿಯಾಗಿ. ಅದನ್ನು ಅರ್ಧ ವೇಗಕ್ಕೆ ಇಳಿಸಿದರೆ ಕೂದಲು ಒಂದು ತಾಳದಲ್ಲಿ, ಹಾಡು ಇನ್ನೊಂದು ತಾಳದಲ್ಲಿ. ಶೂಟ್ ಆಗಿದ್ದೂ 25 ಫ್ರೇಮ್‌ನಲ್ಲೇ, ಎಳೆದಾಗ ಒಂದೇ ಫ್ರೇಮ್ ಎರಡೆರಡು ಸಲ ಬಂದು ತೊದಲುತ್ತಿತ್ತು. ಎಲ್ಲವನ್ನೂ ತೆಗೆದೆ.

ಇನ್ನು ಶೀರ್ಷಿಕೆಯಲ್ಲಿರುವ ವಿಷಯ. ಅದೇ ಮೂರನೇ ಹಾಡಿನಲ್ಲಿ ಸುಮಾರು ಮೂರನೇ ನಿಮಿಷಕ್ಕೆ ಡ್ರಮ್ಮರ್‌ನ ಬಲಗೈ ಸ್ಟಿಕ್ ಮುರಿಯಿತು. ಗೋಪ್ರೋದಲ್ಲಿ ಎಲ್ಲ ಇದೆ. ಬಲಗೈ ರೈಡ್ ಸಿಂಬಲ್ (ತಾಳ ಹಿಡಿಯಲು ಬಾರಿಸುತ್ತಲೇ ಇರುವ ದೊಡ್ಡ ಲೋಹದ ತಟ್ಟೆ) ಮೇಲೆ ಓಡುತ್ತಿದೆ. ಒಂದು ಏಟಿಗೆ ಸ್ಟಿಕ್‌ನ ತುದಿ ಸೀಳಿ ಸ್ಟ್ಯಾಂಡ್ ಕಡೆ ಹಾರುತ್ತದೆ. ಅವನು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಎಡಗೈ ಮುಂದಿರುವ ಸ್ನೇರ್ ಡ್ರಮ್ ಮೇಲೆ ಹಾಗೇ ಬೀಳುತ್ತಿದೆ, ಕಾಲುಗಳು ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬಾರಿಸುವ ಡಬಲ್ ಪೆಡಲ್ ಮೇಲೆ ಹಾಗೇ ಓಡುತ್ತಿವೆ. ಬಲಗೈ ಉಳಿದ ತುಂಡನ್ನು ಬಿಟ್ಟು ಪಕ್ಕದ ಫ್ಲೋರ್ ಟಾಮ್ ಡ್ರಮ್‌ಗೆ ನೇತು ಹಾಕಿದ ಚೀಲಕ್ಕೆ ಇಳಿಯುತ್ತದೆ. ಮೊದಲು ಎರಡು ಸ್ಟಿಕ್ ಒಟ್ಟಿಗೆ ಬರುತ್ತವೆ. ಹೆಬ್ಬೆರಳಿನಿಂದ ಒಂದನ್ನು ವಾಪಸ್ ಒಳಗೆ ತಳ್ಳುತ್ತಾನೆ. ಇನ್ನೊಂದನ್ನು ಮೇಲೆತ್ತಿ, ಮುಂದಿನ ಬಾರ್‌ನ ಮೂರನೇ ಬೀಟ್‌ಗೆ ಸರಿಯಾಗಿ ಕ್ರ್ಯಾಶ್ ಸಿಂಬಲ್ ಮೇಲೆ ಬಾರಿಸುತ್ತಾನೆ. ಒಟ್ಟು ಎರಡು ಸೆಕೆಂಡ್. ಐವತ್ತು ಫ್ರೇಮ್.

ಮೊದಲ ಎಡಿಟ್‌ನಲ್ಲಿ ಆ ಎರಡು ಸೆಕೆಂಡಿಗೆ ಬಂದದ್ದು ನಾಲ್ಕು ಶಾಟ್: ಮೇಲೆತ್ತಿದ ಕೈಗಳು, ಗಾಯಕನ ಬೆನ್ನು, ಹೊಗೆ, ಮತ್ತೆ ಕೈಗಳು. ಆದರೆ ಸೌಂಡ್‌ನಲ್ಲಿ ರೈಡ್ ಇಲ್ಲ! ಒಂದೂವರೆ ಬಾರ್ ರೈಡ್ ಮಾಯ. ಡ್ರಮ್ಸ್ ಗೊತ್ತಿರುವವರು ಕೇಳಿದರೆ ಹುಡುಗ ತಪ್ಪಿದ ಅಂತಲೇ ಅಂದುಕೊಳ್ಳುತ್ತಾರೆ. ಅವನಿಗೆ ನೋವಾಗಿದ್ದು ಅದಕ್ಕೇ. ಅವನ ಇಡೀ ರಾತ್ರಿಯ ಅತಿ ಒಳ್ಳೆ ಎರಡು ಸೆಕೆಂಡ್ ವಿಡಿಯೋದಲ್ಲಿ ತಪ್ಪಿನಂತೆ ಕೂತಿತ್ತು.

ನಾನು ಮಾಡಿದ್ದು ಇಷ್ಟೇ. ಸ್ಟಿಕ್ ಮುರಿಯುವ ನಾಲ್ಕು ಸೆಕೆಂಡ್ ಮುಂಚೆ ಗೋಪ್ರೋಗೆ ಕಟ್ ಮಾಡಿದೆ, ಹೊಸ ಸ್ಟಿಕ್‌ನಿಂದ ಎರಡು ಬಾರ್ ಬಾರಿಸುವವರೆಗೂ ಅಲ್ಲಿಂದ ಅಲುಗಾಡಲಿಲ್ಲ. ಜೂಮ್ ಇಲ್ಲ, ಸ್ಲೋ ಇಲ್ಲ. ಮುಂಚಿನ ನಾಲ್ಕು ಸೆಕೆಂಡ್ ಯಾಕೆ ಅಂದ್ರೆ, ನೋಡುವವನ ಕಣ್ಣು ಬಲಗೈ ಮೇಲೆ ಕೂರಲು ಅಷ್ಟು ಹೊತ್ತು ಬೇಕು. ಮುರಿದಾಗಲೇ ಕಟ್ ಮಾಡಿ ತೋರಿಸಿದ್ದರೆ, ಏನೋ ಆಯ್ತು ಅನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಈಗ ಕೇಳುವವನಿಗೆ ರೈಡ್ ನಿಂತದ್ದು ಯಾಕೆ ಅಂತ ಕಣ್ಣಿಗೇ ಕಾಣುತ್ತದೆ. ಡ್ರಮ್ಮರ್ ಒಂದು ಮಾತು ಕೇಳಿದ: "ಬೇರೆ ಬಾರ್‌ನಿಂದ ರೈಡ್ ಕಾಪಿ ಮಾಡಿ ಅಲ್ಲಿ ಹಾಕಬಹುದಲ್ವಾ ಅಣ್ಣಾ?" ಹಾಕಬಹುದು, ಐದು ನಿಮಿಷದ ಕೆಲಸ. ಬೇಡ ಅಂದೆ. ಕೈಯಲ್ಲಿ ಸ್ಟಿಕ್ ಇಲ್ಲದಿರುವುದು ಕಾಣುತ್ತಿರುವಾಗ ರೈಡ್ ಸದ್ದು ಬಂದರೆ, ಉಳಿದ ವಿಡಿಯೋವನ್ನೂ ಯಾರೂ ನಂಬುವುದಿಲ್ಲ.

ಗಿಟಾರ್ ಸೋಲೋ ಕಥೆಯೂ ಹೆಚ್ಚುಕಮ್ಮಿ ಹೀಗೇ. ಎರಡನೇ ಹಾಡಿನ ಸೋಲೋ ನಲವತ್ತು ಸೆಕೆಂಡ್. ಗಿಂಬಲ್ ಹಿಡಿದವರು ಅದರಲ್ಲಿ ಅರ್ಧ ಹೊತ್ತು ಗಾಯಕನನ್ನೇ ಹಿಡಿದಿದ್ದಾರೆ, ಅವನು ಆಗ ಸುಮ್ನೆ ನೀರು ಕುಡಿಯುತ್ತಿದ್ದಾನೆ. ನಂತರ ಗಿಟಾರ್ ಕಡೆ ಓಡುತ್ತಾರೆ, ಆದರೆ ರಿದಮ್ ಬಾರಿಸುತ್ತಿರುವ ಇನ್ನೊಬ್ಬನ ಹತ್ತಿರ! ಸೋಲೋ ಬಾರಿಸುವವನು ಎಡಗಡೆ ಇದ್ದ. ಫೋನ್ ಹಿಡಿದ ಗೆಳೆಯ ಮಾತ್ರ ಎಡಗಡೆಯೇ ನಿಂತು, ಸೋಲೋ ಪೂರ್ತಿ ಆ ಎಡಗೈ ಬೆರಳುಗಳ ಮೇಲೆ ಫೋಕಸ್ ಇಟ್ಟು ಹಿಡಿದಿದ್ದ. ಅವನಿಗೆ ಹಾಡು ಬಾಯಿಪಾಠ. ಫುಟೇಜ್ ಕ್ವಾಲಿಟಿ ಎಲ್ಲದಕ್ಕಿಂತ ಕಡಿಮೆ, ಆದರೂ 22 ಸೆಕೆಂಡ್ ಅದನ್ನೇ ಇಟ್ಟೆ. ಕೊನೆಯಲ್ಲಿ ಎರಡು ಗಿಟಾರ್ ಸೇರಿ ಜೋಡಿಯಾಗಿ ಒಂದೇ ರಾಗ ಬಾರಿಸುವ ಭಾಗ ಬರುತ್ತದಲ್ಲ, ಅಲ್ಲಿ ಮಾತ್ರ ಬಾಲ್ಕನಿಗೆ ಹೋದೆ. ಅಲ್ಲಿ ಇಬ್ಬರೂ ಒಂದೇ ಫ್ರೇಮ್‌ನಲ್ಲಿ ಇರಬೇಕು, ಒಬ್ಬನನ್ನು ತೋರಿಸಿದರೆ ಅರ್ಧ ರಾಗ ಮಾತ್ರ ಕಂಡಂತೆ.

ಇಲ್ಲಿ ಆ ಮದುವೆ ತಂಡದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕೆಲಸ ಗೊತ್ತಿಲ್ಲದವರಲ್ಲ. ಮಾಂಗಲ್ಯಧಾರಣೆ ಹೊತ್ತಿಗೆ ನೂರು ಜನ ಅಡ್ಡ ನಿಂತು ಅಕ್ಷತೆ ಎಸೆಯುತ್ತಿದ್ದರೂ ಮೂರು ಗಂಟಿನ ಶಾಟ್ ತಪ್ಪಿಸುವುದಿಲ್ಲ. ಯಾಕಂದ್ರೆ ಪುರೋಹಿತರ ಮಂತ್ರ ಕೇಳಿದರೆ ಅವರಿಗೆ ಮುಂದೇನು ಅಂತ ಗೊತ್ತು, ಗಟ್ಟಿಮೇಳ ಅನ್ನುವ ಮೊದಲೇ ಕ್ಯಾಮೆರಾ ಜಾಗಕ್ಕೆ ಬಂದಿರುತ್ತದೆ. ಈ ಶೋನಲ್ಲಿ ಅವರಿಗೆ ಮುಂದೇನು ಅಂತ ಯಾರೂ ಹೇಳಿರಲಿಲ್ಲ. ಹಾಡುಗಳ ಪಟ್ಟಿಯೂ ಕೊಟ್ಟಿರಲಿಲ್ಲ. ಮೆಟಲ್ ವಿಡಿಯೋ ಕೆಡುವುದು ಬಹುತೇಕ ಇಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಕ್ಯಾಮೆರಾ ಹಿಡಿದವನಿಗೆ ಹಾಡು ಗೊತ್ತಿಲ್ಲದಿದ್ದರೆ ಅವನು ಸದ್ದು ಬಂದ ಮೇಲೆ ಆ ಕಡೆ ತಿರುಗುತ್ತಾನೆ, ಅಷ್ಟರಲ್ಲಿ ಆ ಫಿಲ್ (ಹಾಡಿನ ನಡುವೆ ಬರುವ ಡ್ರಮ್ಸ್‌ನ ಚಿಕ್ಕ ತುಣುಕು) ಮುಗಿದು ಇನ್ನೊಂದು ಶುರುವಾಗಿರುತ್ತದೆ.

ವೇಗದ ಕಟ್ಟೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಜರ್ಮನಿಯ ರಾಮ್‌ಸ್ಟೈನ್ ಬ್ಯಾಂಡ್‌ನ ಪ್ಯಾರಿಸ್ ಶೋ ಫಿಲ್ಮ್‌ನಲ್ಲಿ ನಿರ್ದೇಶಕ ಯೋನಾಸ್ ಓಕರ್ಲುಂಡ್ ಸಿಕ್ಕಾಪಟ್ಟೆ ಕಟ್ ಹಾಕಿದ್ದಾರೆ. ಆದರೆ ಅವರು 2012ರ ಮಾರ್ಚ್‌ನಲ್ಲಿ ಎರಡು ರಾತ್ರಿಯ ಶೋ ಶೂಟ್ ಮಾಡಿದ್ದಲ್ಲದೆ, ಜನ ಇಲ್ಲದ ರಿಹರ್ಸಲ್‌ನಲ್ಲೂ ಹತ್ತಿರದ ಶಾಟ್ ತೆಗೆದುಕೊಂಡಿದ್ದರು. ಪ್ರತಿ ಬೀಟ್‌ಗೆ ಹಾಕಲು ಅವರ ಹತ್ತಿರ ಸರಿಯಾದ ಶಾಟ್ ಇತ್ತು. ಇನ್ನೊಂದು ತುದಿಯಲ್ಲಿ ಜೊನಾಥನ್ ಡೆಮ್ಮಿ 1984ರಲ್ಲಿ ಟಾಕಿಂಗ್ ಹೆಡ್ಸ್ ಬ್ಯಾಂಡ್ ಮೇಲೆ ಮಾಡಿದ ಫಿಲ್ಮ್ ಇದೆ. ಅದು ಮೆಟಲ್ ಅಲ್ಲ, ಆದರೆ ಶಾಟ್‌ಗಳು ಉದ್ದ, ಜನರನ್ನು ಕೊನೆಗೆ ಬಿಟ್ಟರೆ ತೋರಿಸುವುದೇ ಇಲ್ಲ ಅನ್ನಬಹುದು. ಬಾರಿಸುವವರನ್ನು ಮಾತ್ರ ನೋಡು ಅನ್ನುವ ಧೈರ್ಯ ಅದು. ನಮ್ಮ ಹತ್ತಿರ ನಾಲ್ಕು ಕ್ಯಾಮೆರಾ, ಒಂದು ರಾತ್ರಿ ಇದ್ದಾಗ ಎರಡನೇ ದಾರಿಯೇ ನಮ್ಮ ದಾರಿ.

ರಿಹರ್ಸಲ್ ಮಾತು ಬಂದಾಗ ಬೇಸ್ ಹುಡುಗ ಒಂದು ಐಡಿಯಾ ಕೊಟ್ಟ. ಪ್ರಾಕ್ಟೀಸ್ ರೂಮಿನಲ್ಲಿ ಡಬಲ್ ಪೆಡಲ್ ಕಾಲುಗಳನ್ನು ಶೂಟ್ ಮಾಡಿ ನಡುವೆ ಸೇರಿಸೋಣ ಅಂತ. ದೊಡ್ಡವರು ಮಾಡುತ್ತಾರೆ, ನಿಜ. ಆದರೆ ಅವರು ಅದೇ ಸ್ಟೇಜ್, ಅದೇ ಲೈಟ್, ಅದೇ ಬಟ್ಟೆಯಲ್ಲಿ ಮಾಡುತ್ತಾರೆ. ನಮ್ಮದು ಬೇರೆ ರೂಮು, ಟ್ಯೂಬ್‌ಲೈಟ್ ಬೆಳಕು. ಬಿಟ್ಟೆವು.

ಸೌಂಡ್ ವಿಷಯದಲ್ಲಿ ಕೆಲಸ ಜಾಸ್ತಿ ಇತ್ತು. ಮಿಕ್ಸರ್‌ನಿಂದ ತೆಗೆದ ರೆಕಾರ್ಡಿಂಗ್‌ನಲ್ಲಿ ಗಾಯಕ ಮತ್ತು ಕಿಕ್ ಡ್ರಮ್ ದೊಡ್ಡದಾಗಿ ಕೇಳುತ್ತಿದ್ದವು, ಗಿಟಾರ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದು ಸಣ್ಣ ಹಾಲ್‌ಗಳಲ್ಲಿ ಯಾವಾಗಲೂ ಆಗುವಂಥದ್ದು. ಗಿಟಾರ್ ಆಂಪ್ ಸ್ಟೇಜ್ ಮೇಲೇ ಜೋರಾಗಿರುತ್ತದೆ, ಹಾಗಾಗಿ ಸೌಂಡ್‌ನವರು ಮಿಕ್ಸರ್‌ನಲ್ಲಿ ಅದನ್ನು ಎತ್ತುವುದೇ ಇಲ್ಲ. ಅದೃಷ್ಟಕ್ಕೆ ಬಾಲ್ಕನಿ ಕ್ಯಾಮೆರಾ ಪಕ್ಕ ಝೂಮ್ ಕಂಪನಿಯ ಒಂದು ಸೌಂಡ್ ರೆಕಾರ್ಡರ್ ಇಟ್ಟಿದ್ದರು. ಅದರಲ್ಲಿ ಗಿಟಾರ್ ಚೆನ್ನಾಗಿದೆ, ಪ್ರತಿಧ್ವನಿಯೂ ಇದೆ. ಎರಡನ್ನೂ ಬೆರೆಸಬೇಕು, ಆದರೆ ಒಂದು ತೊಡಕು. ಬಾಲ್ಕನಿ ಸ್ಟೇಜ್‌ನಿಂದ ಸುಮಾರು 25 ಮೀಟರ್. ಬಳ್ಳಾರಿಯ ಮಾರ್ಚ್ ಸೆಕೆಯಲ್ಲಿ ಸದ್ದು ಸೆಕೆಂಡಿಗೆ 350 ಮೀಟರ್ ಆಸುಪಾಸಿನಲ್ಲಿ ಓಡುತ್ತದೆ. ಅಂದರೆ ಅಲ್ಲಿಗೆ ತಲುಪುವಷ್ಟರಲ್ಲಿ 70 ಮಿಲಿಸೆಕೆಂಡ್ ತಡ, ಹತ್ತಿರ ಹತ್ತಿರ ಎರಡು ಫ್ರೇಮ್. ರೆಕಾರ್ಡರ್ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಎಳೆದ ಮೇಲೆ ಸ್ನೇರ್ ಎರಡೆರಡು ಸಲ ಕೇಳುವುದು ನಿಂತಿತು.

ಇದೇ ಎರಡು ಫ್ರೇಮ್ ಚಿತ್ರದಲ್ಲೂ ಕಾಡುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಾನು ಬಳಸಿದ್ದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಅದು ಸೌಂಡ್ ನೋಡಿ ಎಲ್ಲ ಕ್ಯಾಮೆರಾಗಳನ್ನೂ ತಾನೇ ಹೊಂದಿಸುತ್ತದೆ. ಆದರೆ ಬಾಲ್ಕನಿ ಕ್ಯಾಮೆರಾಗೆ ಸದ್ದು ತಡವಾಗಿ ಬಂದಿದೆ, ಬೆಳಕು ಆಗಲೇ ಬಂದಿದೆ. ಸದ್ದಿಗೆ ಸದ್ದು ಹೊಂದಿಸಿದರೆ ಚಿತ್ರ ಎರಡು ಫ್ರೇಮ್ ಮುಂದೆ ಹೋಗಿ ಕೂರುತ್ತದೆ. ನಿಧಾನದ ಹಾಡಲ್ಲಿ ಯಾರಿಗೂ ಗೊತ್ತಾಗಲ್ಲ. 180ರ ವೇಗದಲ್ಲಿ ಒಂದು ಬೀಟ್‌ಗೆ ಇರುವುದೇ ಎಂಟು ಫ್ರೇಮ್, ಅದರಲ್ಲಿ ಎರಡು ಹೋದರೆ ಕೈ ಒಂದು ಹೇಳುತ್ತದೆ, ಕಿವಿ ಇನ್ನೊಂದು. ಹಾಗಾಗಿ ಯಂತ್ರ ಹೊಂದಿಸಿದ ಮೇಲೂ ಸ್ಟಿಕ್ ಸ್ನೇರ್ ಮುಟ್ಟುವ ಫ್ರೇಮ್ ನೋಡಿ ಕಣ್ಣಿನಿಂದ ಇನ್ನೊಮ್ಮೆ ಸರಿಮಾಡಬೇಕು. ಫೋನ್ ಫುಟೇಜ್‌ನ ಫ್ರೇಮ್ ರೇಟ್ ಓಡುತ್ತಾ ಬದಲಾಗುತ್ತದೆ, ಅದನ್ನು ಮೊದಲೇ ಸ್ಥಿರ ರೇಟ್‌ಗೆ ಪರಿವರ್ತಿಸಿಕೊಂಡೆ. ಇಲ್ಲದಿದ್ದರೆ ಹಾಡು ಮುಗಿಯುವಷ್ಟರಲ್ಲಿ ತುಟಿ ಮತ್ತು ಮಾತು ದೂರವಾಗುತ್ತವೆ.

ಲೈಟ್ ಬಗ್ಗೆ ಹೆಚ್ಚೇನೂ ಮಾಡಲು ಆಗಲಿಲ್ಲ. ಲೈಟ್‌ನವರು ನಾಲ್ಕನೇ ಹಾಡು ಪೂರ್ತಿ ಬರೀ ಕೆಂಪು ಬಿಟ್ಟಿದ್ದರು. ಕ್ಯಾಮೆರಾ ಸೆನ್ಸರ್‌ನಲ್ಲಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರು, ಒಂದು ನೀಲಿ, ಕೆಂಪು ಒಂದೇ. ಬರೀ ಕೆಂಪು ಬೆಳಕಿದ್ದರೆ ಕೆಲಸ ಮಾಡುವುದು ಆ ಕಾಲು ಭಾಗ ಮಾತ್ರ. ಅದರ ಮೇಲೆ ಆಟೋ ಎಕ್ಸ್‌ಪೋಷರ್ ಕತ್ತಲು ಅಂದುಕೊಂಡು ಇನ್ನೂ ಏರಿಸುತ್ತದೆ, ಮುಖ ಕೆಂಪು ಮುದ್ದೆಯಾಗುತ್ತದೆ. ಗಿಂಬಲ್ ಫುಟೇಜ್ ಹಾಗೆ ಸುಟ್ಟುಹೋಗಿತ್ತು, ಅದನ್ನು ಯಾರೂ ಉಳಿಸಲು ಆಗಲ್ಲ. ಬಾಲ್ಕನಿಯದ್ದು ಮ್ಯಾನ್ಯುಯಲ್ ಇತ್ತು, ಸ್ವಲ್ಪ ಡಾರ್ಕ್ ಇತ್ತು, ಬದುಕಿತ್ತು. ಆ ಹಾಡನ್ನು ಕೆಂಪು ಚಾನೆಲ್‌ನಿಂದಲೇ ಕಪ್ಪು ಬಿಳುಪು ಮಾಡಿದೆ. ಮುಖದ ಗೆರೆ, ಬೆವರು ಎಲ್ಲ ವಾಪಸ್ ಬಂದವು. ಸ್ಟ್ರೋಬ್ (ಮಿಂಚಿನಂತೆ ಮಿನುಗುವ ಬೆಳಕು) ಬಡಿದ ಕಡೆ ಫ್ರೇಮ್ ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು. ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ ಆಗುವುದು ಅದು. ಅಂಥ ಒಂದೊಂದು ಫ್ರೇಮ್ ಹಾಗೇ ಬಿಟ್ಟೆ. ಎಲ್‌ಇಡಿ ಬೆಳಕು ಮಿನುಗುವುದರಿಂದ ಚಿತ್ರದಲ್ಲಿ ಬೀಳುವ ಪಟ್ಟಿಗಳು ಮಾತ್ರ ಫೋನ್‌ನಲ್ಲಿ ಕಾಟ ಕೊಟ್ಟವು. ನಮ್ಮ ಕರೆಂಟ್ 50 ಹರ್ಟ್ಜ್, ಶಟರ್ 1/50 ಅಥವಾ 1/100 ಇಟ್ಟರೆ ಬಹಳಷ್ಟು ಕಡಿಮೆಯಾಗುತ್ತದೆ. ಫೋನ್ ತನಗೆ ತೋಚಿದ್ದು ಇಟ್ಟುಕೊಂಡಿತ್ತು.

ಖಾಲಿ ಕುರ್ಚಿಗಳ ಬಗ್ಗೆ ಹುಡುಗರಿಗೆ ಚಿಂತೆ. ಎಂಟುನೂರು ಜನರ ಹಾಲ್, ಬಂದವರು ಅರವತ್ತು. ಮೊದಲ ಎಡಿಟ್‌ನಲ್ಲಿ ಅದೇ ಮೂವತ್ತು ಕೈಗಳನ್ನು ಮತ್ತೆ ಮತ್ತೆ ತೋರಿಸಿ ತುಂಬಿದ ಹಾಲ್ ಅನ್ನಿಸಲು ನೋಡಿದ್ದರು. ನಾನು ಬಾಲ್ಕನಿ ವೈಡ್ ಶಾಟ್ ಶುರುವಿನಲ್ಲೇ ಇಟ್ಟೆ, ಖಾಲಿ ಕುರ್ಚಿ ಸಮೇತ. ಗಾಯಕ ಬೇಡ ಅಂದ. ಅರವತ್ತು ಜನರ ಮುಂದೆ ಹೀಗೆ ಬಾರಿಸುವವರು ಆರು ಸಾವಿರ ಜನರ ಮುಂದೆ ಹೇಗೆ ಬಾರಿಸಬಹುದು ಅಂತ ನೋಡುವವನೇ ಯೋಚಿಸಲಿ ಅಂದೆ. ಒಪ್ಪಿದ.

ಹೊಸ ಎಡಿಟ್‌ನಲ್ಲಿ ಮೂರನೇ ಹಾಡಿಗೆ ಕಟ್ ಅರವತ್ತರ ಸುಮಾರು. ಹೆಚ್ಚಿನವು ಬಾರ್ ಶುರುವಾಗುವ ಒಂದು ಫ್ರೇಮ್ ಮುಂಚೆ, ಏಟು ಬೀಳುವಾಗ ಹೊಸ ಚಿತ್ರ ಆಗಲೇ ಬಂದಿರಲಿ ಅಂತ. ಐದನೇ ಹಾಡು ಅರ್ಧವೇ ಇದೆ. ಬಾಲ್ಕನಿ ಕ್ಯಾಮೆರಾ 4ಕೆಯಲ್ಲಿ ಓಡಿ ಓಡಿ ಸೆಕೆಗೆ ಬಿಸಿಯಾಗಿ ಆಫ್ ಆಗಿತ್ತು. ಆ ಕ್ಯಾಮೆರಾ ಇಲ್ಲದೆ ಬೇಸ್ ಹುಡುಗ ಎಲ್ಲೂ ಕಾಣುತ್ತಿರಲಿಲ್ಲ. ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆವು.

ಮುಂದಿನ ಶೋಗೂ ಅದೇ ಮದುವೆ ತಂಡವನ್ನೇ ಕರೆಯಿರಿ ಅಂತ ಹುಡುಗರಿಗೆ ಹೇಳಿದ್ದೇನೆ. ಗಿಂಬಲ್ ಹಿಡಿಯುವವರಿಗೆ ಹೊಸ ಎಡಿಟ್ ತೋರಿಸಿದೆವು. ಸ್ಟಿಕ್ ಶಾಟ್ ಬಂದಾಗ ಅವರೇ ಹಿಂದಕ್ಕೆ ಎಳೆದು ಮತ್ತೆ ನೋಡಿದರು, "ಇದು ನಮ್ ಗೋಪ್ರೋದಾಗೇ ಇತ್ತಾ ಸರ್?" ಅಂತ ಕೇಳಿದರು. ಈಗ ಹುಡುಗರು ಪ್ರಾಕ್ಟೀಸ್ ರೆಕಾರ್ಡಿಂಗ್ ಅವರ ಫೋನ್‌ಗೆ ಕಳಿಸಿದ್ದಾರೆ, ಜೊತೆಗೆ ಡ್ರಮ್ಮರ್ ಕೈಯಾರೆ ಬರೆದ ಒಂದು ಹಾಳೆ: ಹಾಡಿನ ಹೆಸರು, ಪಕ್ಕದಲ್ಲಿ ನಿಮಿಷ ಸೆಕೆಂಡ್, ಎಡ ಗಿಟಾರ್, ಬಲ ಗಿಟಾರ್, ಕಾಲು, ಇಬ್ಬರೂ. ಬಾಲ್ಕನಿ ಕ್ಯಾಮೆರಾ 1080ರಲ್ಲಿ ಓಡಲಿ, ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇರಲಿ. ಗೋಪ್ರೋ ಇನ್ನೊಂದು ಸಿಕ್ಕರೆ ಪೆಡಲ್ ಹತ್ತಿರ. ಲೈಟ್‌ನವರ ಜೊತೆ ಮಾತು ಇನ್ನೂ ಮುಗಿದಿಲ್ಲ. ಕೆಂಪಿನ ಜೊತೆ ಮುಂದಿನಿಂದ ಒಂದು ಬೆಚ್ಚನೆ ಬಿಳಿ ಲೈಟ್ ಮುಖಕ್ಕೆ ಹಾಕಿ ಅಂತ ಕೇಳಿದ್ದೇವೆ. ಅದಕ್ಕೆ ಬೇರೆ ಬಾಡಿಗೆ ಕೊಡಬೇಕಂತೆ.